ಬ್ರೇಕು, ಬಾಟಲಿ, ಒಗ್ಗರಣೆ: ಬಲ, ಬೆಳಕು, ಅಲೆಗಳ ಬಗ್ಗೆ ಮಕ್ಕಳ ಪ್ರಶ್ನೆಗಳು

ಸಿಟಿ ಬಸ್ಸಿನಲ್ಲಿ ನಿಂತಿದ್ದೀರಿ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತುತ್ತಾರೆ. ನೀವು ಹೋಗಿ ಮುಂದಿದ್ದವರ ಬೆನ್ನಿಗೆ ಬೀಳುತ್ತೀರಿ. ಅವರು ತಿರುಗಿ ದುರುಗುಟ್ಟಿ ನೋಡುತ್ತಾರೆ. ಈಗ ಹೇಳಿ, ನಿಮ್ಮನ್ನು ಮುಂದಕ್ಕೆ ತಳ್ಳಿದ್ದು ಯಾರು?

ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರುವ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಮೊದಲ ದಿನ ಕೇಳುವ ಪ್ರಶ್ನೆ ಇದು. "ಜಡತ್ವ ಮಿಸ್!" ಅಂತ ಒಬ್ಬರಾದರೂ ಕೂಗುತ್ತಾರೆ. ಜಡತ್ವ ಅಂದ್ರೇನು ಅಂತ ಕೇಳಿದರೆ ನ್ಯೂಟನ್‌ನ ಮೊದಲ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ: ಹೊರಗಿನ ಬಲ ಬೀಳುವ ತನಕ ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. "ಸರಿ, ಹಾಗಾದ್ರೆ ತಳ್ಳಿದ್ದು ಯಾರು?" ಅಂದರೆ, "ಜಡತ್ವಾನೇ ತಳ್ಳಿದ್ದು ಮಿಸ್." ಎಡವೋದು ಇಲ್ಲೇ.

ಯಾರೂ ತಳ್ಳಲಿಲ್ಲ. ಬಸ್ಸು ನಿಧಾನವಾಯಿತು, ನೀವು ಆಗಲಿಲ್ಲ, ಅಷ್ಟೇ. ಬಸ್ಸಿನ ನೆಲ ನಿಮ್ಮ ಚಪ್ಪಲಿಯನ್ನು ಹಿಡಿದು ನಿಧಾನ ಮಾಡಿತು. ಸೊಂಟದಿಂದ ಮೇಲಿನ ಮೈಯನ್ನು ಯಾರೂ ಹಿಡಿಯಲಿಲ್ಲ. ಅದು ಮೊದಲು ಎಷ್ಟು ವೇಗದಲ್ಲಿ ಹೋಗುತ್ತಿತ್ತೋ ಅಷ್ಟೇ ವೇಗದಲ್ಲಿ ಹೋಗುತ್ತಾ ಇತ್ತು. ಫುಟ್‌ಪಾತಿನಲ್ಲಿ ನಿಂತವರಿಗೆ ಇದು ಸರಿಯಾಗಿಯೇ ಕಾಣುತ್ತದೆ. ಬಸ್ಸಿನೊಳಗಿದ್ದ ನಮಗೆ ಮಾತ್ರ ಯಾರೋ ನೂಕಿದಂತೆ ಅನಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಬಸ್ಸಿನ ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ಎರಡು ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. ಪ್ರತಿ ಸೆಕೆಂಡಿಗೂ 5 ಮೀಟರ್‌ನಷ್ಟು ವೇಗ ಕಡಿಮೆಯಾಯಿತು. ನಿಮ್ಮ ತೂಕ 50 ಕೆಜಿ ಇದ್ದರೆ, ನೀವೂ ಬಸ್ಸಿನ ಜೊತೆಗೇ ನಿಲ್ಲೋದಕ್ಕೆ 50 × 5, ಅಂದರೆ 250 ನ್ಯೂಟನ್ ಬಲ ಬೇಕು. 100 ಗ್ರಾಂ ತೂಕದ ವಸ್ತುವನ್ನು ಅಂಗೈಲಿ ಇಟ್ಟುಕೊಂಡರೆ ಅದು ಒತ್ತುವ ಬಲ ಸುಮಾರು ಒಂದು ನ್ಯೂಟನ್. ಆ ಲೆಕ್ಕದಲ್ಲಿ 250 ನ್ಯೂಟನ್ ಅಂದರೆ 25 ಕೆಜಿಯ ಒಂದು ಅಕ್ಕಿ ಮೂಟೆಯ ಭಾರ. ಕಂಬಿ ಹಿಡಿದ ಕೈ ಆ ಬಲ ಕೊಟ್ಟರೆ ನಿಲ್ಲುತ್ತೀರಿ. ಇಲ್ಲದಿದ್ದರೆ ಮುಂದಿನವರ ಬೆನ್ನು ಕೊಡುತ್ತದೆ.

ಇದನ್ನೇ ಕಾರಿನ ಡಿಕ್ಕಿಗೆ ಹಾಕಿ ನೋಡಿ. ವೇಗ ಅದೇ, ನಿಲ್ಲೋದು ಮಾತ್ರ ಹತ್ತನೇ ಒಂದು ಸೆಕೆಂಡಿನಲ್ಲಿ. ಈಗ ಬೇಕಾದ ಬಲ 5000 ನ್ಯೂಟನ್, 500 ಕೆಜಿಯ ಭಾರ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು "ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅನ್ನುವವರಿದ್ದಾರಲ್ಲ, ಅವರು ಈ ಲೆಕ್ಕ ಒಮ್ಮೆ ಮಾಡಬೇಕು. 10 ಕೆಜಿಯ ಮಗು ಆ ಹೊತ್ತಿಗೆ 100 ಕೆಜಿಯ ಮೂಟೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನಾವು ಹೋಗುತ್ತಿರಲು ಬಲ ಬೇಕಾಗಲಿಲ್ಲ. ಹೋಗುತ್ತಿದ್ದದ್ದು ಬದಲಾಗಲು ಬೇಕಾಯಿತು. ನಾನು ಮಕ್ಕಳಿಗೆ ಪದೇ ಪದೇ ಹೇಳುವುದು ಇಷ್ಟೇ: "ಯಾಕೆ ಚಲಿಸ್ತಿದೆ?" ಅಂತ ಕೇಳಬೇಡಿ, "ಏನು ಬದಲಾಯ್ತು?" ಅಂತ ಕೇಳಿ. ಬಲದ ಪಾಠಕ್ಕೆ ಮಾತ್ರವಲ್ಲ, ಬೆಳಕು ಮತ್ತು ಅಲೆಗಳ ಪಾಠಕ್ಕೂ ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ.

"ಆದ್ರೆ ಮಿಸ್, ಸೈಕಲ್ ತುಳಿಯೋದು ಬಿಟ್ರೆ ನಿಂತು ಹೋಗುತ್ತಲ್ಲ?" ನ್ಯಾಯವಾದ ಪ್ರಶ್ನೆ. ಅರಿಸ್ಟಾಟಲ್‌ಗೂ ಹೀಗೇ ಅನಿಸಿತ್ತು. ತಳ್ಳುವುದು ನಿಂತರೆ ಚಲನೆಯೂ ನಿಲ್ಲುತ್ತದೆ ಅಂತ ಜನ ಸುಮಾರು ಎರಡು ಸಾವಿರ ವರ್ಷ ನಂಬಿದ್ದರು. ಇದಕ್ಕೆ ಉತ್ತರ ಬೇಕಾದರೆ ಕೇರಂ ಬೋರ್ಡ್ ತನ್ನಿ. ಪೌಡರ್ ಹಾಕದೆ ಸ್ಟ್ರೈಕರ್ ಹೊಡೆಯಿರಿ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಪೌಡರ್ ಉದುರಿಸಿ ಅಷ್ಟೇ ಜೋರಾಗಿ ಹೊಡೆಯಿರಿ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಪೌಡರ್ ಸ್ಟ್ರೈಕರನ್ನು ತಳ್ಳಲಿಲ್ಲ, ನಿಲ್ಲಿಸುತ್ತಿದ್ದ ಘರ್ಷಣೆಯನ್ನು ಕಡಿಮೆ ಮಾಡಿತು. ಘರ್ಷಣೆ ಪೂರ್ತಿ ಇಲ್ಲವಾದರೆ? ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಇದನ್ನೇ ಯೋಚಿಸಿದ. ನ್ಯೂಟನ್ 1687ರಲ್ಲಿ ಅದನ್ನು ಮೊದಲ ನಿಯಮ ಮಾಡಿ ಬರೆದ. ನೀವು ಒಂದೇ ವೇಗದಲ್ಲಿ ಸೈಕಲ್ ತುಳಿಯುವಾಗ ಕಾಲಿನ ಶ್ರಮವೆಲ್ಲ ಗಾಳಿ ಮತ್ತು ಘರ್ಷಣೆಯ ಸಾಲ ತೀರಿಸುವುದಕ್ಕೇ ಹೋಗುತ್ತದೆ. ಸೈಕಲ್ ಮೇಲಿನ ಒಟ್ಟು ಬಲ ಸೊನ್ನೆ.

ಮೂರನೇ ನಿಯಮದ ಕಥೆ ಬೇರೆ. ಎತ್ತು ಗಾಡಿಯನ್ನು ಎಷ್ಟು ಬಲದಿಂದ ಎಳೆಯುತ್ತದೋ ಅಷ್ಟೇ ಬಲದಿಂದ ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮ ಆದ ಮೇಲೆ ಗಾಡಿ ಹೊರಡೋದು ಹೇಗೆ? ಬುದ್ಧಿವಂತ ಮಕ್ಕಳೇ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ ಯೋಚಿಸಿ. ನಾನು ನಿಮಗೆ ನೂರು ರೂಪಾಯಿ ಕಳಿಸಿದರೆ ನನ್ನ ಪುಸ್ತಕದಲ್ಲಿ ನೂರು ಕಮ್ಮಿ, ನಿಮ್ಮದರಲ್ಲಿ ನೂರು ಜಾಸ್ತಿ. ಎರಡೂ ಸೇರಿಸಿ "ಸೊನ್ನೆ, ಏನೂ ಆಗಲೇ ಇಲ್ಲ" ಅಂದರೆ ನೀವು ಒಪ್ಪುತ್ತೀರಾ? ಎತ್ತಿನ ಲೆಕ್ಕ ಬೇರೆ, ಗಾಡಿಯ ಲೆಕ್ಕ ಬೇರೆ. ಗಾಡಿಯ ಪುಸ್ತಕದಲ್ಲಿ ಎತ್ತಿನ ಎಳೆತ ಮುಂದಕ್ಕೆ, ಘರ್ಷಣೆ ಹಿಂದಕ್ಕೆ. ಎಳೆತ ಜಾಸ್ತಿ ಇದ್ದರೆ ಗಾಡಿ ಹೊರಡುತ್ತದೆ. ಎತ್ತಿನ ಪುಸ್ತಕದಲ್ಲಿ ಗಾಡಿಯ ಎಳೆತ ಹಿಂದಕ್ಕೆ, ನೆಲದ ತಳ್ಳುವಿಕೆ ಮುಂದಕ್ಕೆ. ಹೌದು, ನೆಲವೇ ತಳ್ಳುವುದು. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ನೂಕುತ್ತದೆ. ಮಳೆ ಬಂದು ಕೆಸರಾದ ದಾರಿಯಲ್ಲಿ ಅದೇ ಎತ್ತು, ಅದೇ ಗಾಡಿ, ಒಂದು ಹೆಜ್ಜೆ ಮುಂದೆ ಹೋಗೋದಿಲ್ಲ. ಎತ್ತಿನ ಶಕ್ತಿ ಎಲ್ಲೂ ಹೋಗಿಲ್ಲ. ನೆಲ ತಿರುಗಿ ನೂಕುವುದನ್ನು ಕಮ್ಮಿ ಮಾಡಿದೆ.

ಬಲದ ಬಗ್ಗೆ ಇನ್ನೊಂದು ತಪ್ಪು ಟಿವಿಯಿಂದ ಬಂದದ್ದು. ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲುವುದು ನೋಡಿ, ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂದುಕೊಳ್ಳುತ್ತೇವೆ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ನಮ್ಮ ಪಾಠದ ಮಕ್ಕಳೂ ಹಾಗೇ ಹೇಳಿದರು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಅಲ್ಲಿ ಭೂಮಿಯ ಸೆಳೆತ ಇಲ್ಲಿನದರ ನೂರಕ್ಕೆ ಸುಮಾರು 88ರಷ್ಟು ಇದೆ. ಮತ್ತೆ ತೇಲೋದು ಯಾಕೆ? ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೇ ಬೀಳುತ್ತಾ ಇದ್ದಾರೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಅಡ್ಡಕ್ಕೆ ಹೋಗುತ್ತಿರುವುದರಿಂದ, ಬೀಳುತ್ತಾ ಭೂಮಿಯನ್ನು ಸುತ್ತುತ್ತಾರೆ, ನೆಲ ಮುಟ್ಟುವುದಿಲ್ಲ.

ನಂಬಿಕೆ ಬರಲಿಲ್ಲವಾ? ಒಂದು ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿಯಿರಿ. ನೀರು ಚಿಮ್ಮುತ್ತದೆ. ಈಗ ಬಾಟಲಿಯನ್ನು ಕೈಬಿಡಿ. ಬೀಳುವಷ್ಟು ಹೊತ್ತು ತೂತಿನಿಂದ ನೀರು ಚಿಮ್ಮೋದಿಲ್ಲ! ಮೊಬೈಲಿನಲ್ಲಿ ಸ್ಲೋ ಮೋಷನ್ ಇಟ್ಟು ವಿಡಿಯೋ ಮಾಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಆ ಅರ್ಧ ಸೆಕೆಂಡು ನಿಮ್ಮ ಬಾಟಲಿಯೇ ಒಂದು ಅಂತರಿಕ್ಷ ನಿಲ್ದಾಣ. ಅಂಗಳದಲ್ಲಿ ಮಾಡಿ, ನಡುಮನೆಯಲ್ಲಿ ಬೇಡ. ಒಮ್ಮೆ ಮಾಡಿ ನಾನೇ ನೆಲ ಒರೆಸಿದ್ದೇನೆ.

ಈಗ ಬೆಳಕಿಗೆ ಬರೋಣ. ಸ್ಟೀಲ್ ಬಟ್ಟಲಿನ ತಳದಲ್ಲಿ ಒಂದು ನಾಣ್ಯ ಇಡಿ. ಬಟ್ಟಲಿನ ಅಂಚು ನಾಣ್ಯವನ್ನು ಮರೆಮಾಡುವ ತನಕ ಹಿಂದೆ ಸರಿಯಿರಿ. ನೀವು ಅಲ್ಲಾಡದೆ ನಿಂತಿರಿ, ಇನ್ನೊಬ್ಬರು ಮೆಲ್ಲಗೆ ನೀರು ಸುರಿಯಲಿ. ನಾಣ್ಯ ಎದ್ದು ಬಂದಂತೆ ಕಾಣಿಸುತ್ತದೆ. ಇದೇ ವಕ್ರೀಭವನ. ಪುಸ್ತಕದಲ್ಲಿ "ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಓರೆಯಾಗಿ ಹೋಗುವಾಗ ಬಾಗುತ್ತದೆ" ಅಂತ ಇರುತ್ತದೆ. ಬಾಗೋದು ಯಾಕೆ ಅಂತ ಕೇಳುವ ಮಕ್ಕಳು ಕಡಿಮೆ.

ನಮ್ಮ ಹಳೇ ಪ್ರಶ್ನೆ ಕೇಳೋಣ: ಏನು ಬದಲಾಯ್ತು? ವೇಗ. ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಗಾಳಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ನೀರಿನೊಳಗೆ ಸುಮಾರು 2.25 ಲಕ್ಷ. ಎರಡು ಚಕ್ರದ ಕೈಗಾಡಿಯೊಂದನ್ನು ಡಾಂಬರು ರಸ್ತೆಯಿಂದ ಕೆಸರಿಗೆ ಓರೆಯಾಗಿ ಇಳಿಸಿ. ಬಲಗಡೆಯ ಚಕ್ರ ಮೊದಲು ಕೆಸರಿಗೆ ಇಳಿಯಿತು ಅಂತಿಟ್ಟುಕೊಳ್ಳಿ. ಅದು ನಿಧಾನವಾಯಿತು. ಎಡಗಡೆಯದು ಇನ್ನೂ ಡಾಂಬರಿನ ಮೇಲೆ ಜೋರಾಗಿ ಉರುಳುತ್ತಿದೆ. ಗಾಡಿ ಬಲಕ್ಕೆ ತಿರುಗಲೇಬೇಕು. ನೇರವಾಗಿ ಇಳಿಸಿದರೆ ಎರಡೂ ಚಕ್ರ ಒಟ್ಟಿಗೇ ನಿಧಾನವಾಗುತ್ತವೆ, ಗಾಡಿ ತಿರುಗುವುದಿಲ್ಲ. ನೀರಿಗೆ ಓರೆಯಾಗಿ ಇಳಿಯುವ ಬೆಳಕಿಗೂ ಇದೇ ಗತಿ. ನೀರಿನಿಂದ ಹೊರಗೆ ಬರುವಾಗ ಎಲ್ಲ ಉಲ್ಟಾ, ಆಚೆ ಕಡೆಗೆ ಬಾಗುತ್ತದೆ.

ಬಾಗಿ ಬಂದ ಬೆಳಕು ಕಣ್ಣಿಗೆ ಬೀಳುತ್ತದೆ. ಆದರೆ ಮೆದುಳಿಗೆ ಬೆಳಕು ಬಾಗಿದ್ದು ಗೊತ್ತೇ ಆಗೋದಿಲ್ಲ. ನೇರವಾಗಿಯೇ ಬಂತು ಅಂತ ನಂಬಿ ನಾಣ್ಯವನ್ನು ಇರುವ ಜಾಗಕ್ಕಿಂತ ಮೇಲೆ ಕೂರಿಸುತ್ತದೆ. ಮೇಲಿನಿಂದ ನೋಡಿದರೆ ನೀರಿನ ಆಳ ನಿಜವಾದ ಆಳದ ಮುಕ್ಕಾಲು ಭಾಗ ಮಾತ್ರ ಕಾಣುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ನಾಲ್ಕೇ ಅಡಿ ನೀರು ಅಂದುಕೊಂಡರೆ ಅಲ್ಲಿರುವುದು ಐದು ಕಾಲು ಅಡಿಗೂ ಜಾಸ್ತಿ. ಓರೆಯಾಗಿ ನೋಡಿದರೆ ಮೋಸ ಇನ್ನೂ ಹೆಚ್ಚು. ಈಜು ಬಾರದ ಹುಡುಗರು ಇಳಿಯುವುದಕ್ಕೆ ಮುಂಚೆ ತಿಳಿದಿರಬೇಕಾದ ಭೌತಶಾಸ್ತ್ರ ಇದು. ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತದೋ ಇಲ್ಲವೋ, ಇದನ್ನಂತೂ ನಾನು ಬಿಡೋದಿಲ್ಲ.

ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆ, ತಲೆಕೆಳಗೆ ಯಾಕೆ ಮಾಡಲ್ಲ? ಇದಕ್ಕೆ ಉದ್ದ ಉತ್ತರ ಬೇಕಿಲ್ಲ. ಕನ್ನಡಿ ಎಡಬಲ ಬದಲಿಸುವುದೇ ಇಲ್ಲ. ಉತ್ತರಕ್ಕೆ ಮುಖ ಮಾಡಿ ಕನ್ನಡಿ ಮುಂದೆ ನಿಂತು ಪೂರ್ವದ ಕೈ ಎತ್ತಿ. ಕನ್ನಡಿಯಲ್ಲೂ ಪೂರ್ವದ ಕೈಯೇ ಮೇಲೇಳುತ್ತದೆ. ಬದಲಾದದ್ದು ಒಂದೇ, ನೀವು ಉತ್ತರ ನೋಡುತ್ತಿದ್ದೀರಿ, ಬಿಂಬ ದಕ್ಷಿಣ ನೋಡುತ್ತಿದೆ. ಆ ಬಿಂಬವನ್ನು ತಿರುಗಿ ನಿಂತ ಇನ್ನೊಬ್ಬ ಮನುಷ್ಯ ಅಂದುಕೊಂಡಾಗ ಎಡಬಲದ ಗೊಂದಲ ಹುಟ್ಟುತ್ತದೆ.

ಆಕಾಶ ಯಾಕೆ ನೀಲಿ? ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಬೆಳಕು ಒಂದು ಅಲೆ. ನೀಲಿಯ ಅಲೆ ಗಿಡ್ಡ, ಕೆಂಪಿನದು ಉದ್ದ. ಅಲೆಯ ಉದ್ದ ಅಂದರೆ ಒಂದು ಏರಿನಿಂದ ಮುಂದಿನ ಏರಿನ ತನಕದ ದೂರ. ಗಾಳಿಯ ಕಣಗಳು ಗಿಡ್ಡ ಅಲೆಗಳನ್ನು ಹೆಚ್ಚು ಚದುರಿಸುತ್ತವೆ. ಎಷ್ಟು ಹೆಚ್ಚು ಅಂತ ಲೆಕ್ಕ ಹಾಕಿದವನು ಇಂಗ್ಲೆಂಡಿನ ಲಾರ್ಡ್ ರೇಲೀ. ಅಲೆಯ ಉದ್ದ ಅರ್ಧವಾದರೆ ಚದುರುವುದು ಹದಿನಾರು ಪಟ್ಟು. ಹಾಗಾಗಿ ನೀಲಿ, ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರಿ, ಆಕಾಶದ ಎಲ್ಲ ಕಡೆಯಿಂದಲೂ ನಮ್ಮ ಕಣ್ಣಿಗೆ ಬರುತ್ತದೆ. ನೇರಳೆಯ ಅಲೆ ಇನ್ನೂ ಗಿಡ್ಡ, ಆದರೆ ಬಿಸಿಲಿನಲ್ಲಿ ಅದು ಕಡಿಮೆ, ನಮ್ಮ ಕಣ್ಣಿಗೂ ಅದು ಮಂಕು. ಸಂಜೆ ಬೆಳಕು ಗಾಳಿಯೊಳಗೆ ತುಂಬಾ ದೂರ ಹಾದು ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಗಾಜಿನ ಲೋಟದ ನೀರಿಗೆ ಎರಡು ಹನಿ ಹಾಲು ಹಾಕಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ತುಸು ನೀಲಿ, ಎದುರಿನಿಂದ ನೋಡಿದರೆ ತುಸು ಕಿತ್ತಳೆ.

ಸಮುದ್ರ ನೀಲಿ ಇರೋದು ಆಕಾಶದ ಪ್ರತಿಬಿಂಬದಿಂದ ಅಂತ ರೇಲೀ ಹೇಳಿದ್ದ. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದ ಸಿ.ವಿ. ರಾಮನ್‌ಗೆ ಇದು ಸರಿ ಅನಿಸಲಿಲ್ಲ. ಅವರ ಹತ್ತಿರ ನಿಕೋಲ್ ಪ್ರಿಸಂ ಅನ್ನುವ ಪುಟ್ಟ ಸಾಧನ ಇತ್ತು. ಅದರಿಂದ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆಯಬಹುದು. ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಗಿ ಕಂಡಿತು. ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿತ್ತು. ನೀರು ತಾನೇ ಕೆಂಪನ್ನು ಸ್ವಲ್ಪ ಹೀರಿಕೊಳ್ಳುತ್ತದೆ ಅನ್ನುವುದೂ ಇದಕ್ಕೆ ಕಾರಣ ಅಂತ ಈಗ ಗೊತ್ತಿದೆ. ಆ ಪ್ರಶ್ನೆಯ ಬೆನ್ನು ಹತ್ತಿದ ರಾಮನ್ ಮತ್ತು ಅವರ ವಿದ್ಯಾರ್ಥಿಗಳಿಗೆ 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮ ಸಿಕ್ಕಿತು, ಅಂದರೆ ವಸ್ತುವಿನ ಕಣಗಳಿಂದ ಚದುರಿದ ಬೆಳಕಿನಲ್ಲಿ ಒಂದು ಚಿಕ್ಕ ಪಾಲಿನ ಬಣ್ಣ ಬದಲಾಗುವುದು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು, ಕೊನೆಯವರೆಗೂ ಇಲ್ಲೇ ಉಳಿದರು. ಪುಸ್ತಕದಲ್ಲಿ ಇರುವ ಉತ್ತರವನ್ನು ಒಂದು ಸಲ ಪರೀಕ್ಷಿಸಿ ನೋಡುವ ಈ ಚಾಳಿ ನನಗೆ ನೊಬೆಲ್‌ಗಿಂತ ಹೆಚ್ಚು ಇಷ್ಟ.

ಬೆಳಕನ್ನು "ಅಲೆ" ಅಂತ ಕರೆದುಬಿಟ್ಟೆ. ಅಲೆ ಅಂದ್ರೇನು? ಕೆರೆಗೆ ಕಲ್ಲು ಎಸೆಯಿರಿ. ಅಲೆಗಳು ದಡದ ಕಡೆಗೆ ಓಡುತ್ತವೆ. ನಡುವೆ ತೇಲುತ್ತಿರುವ ಒಣ ಎಲೆಯನ್ನು ನೋಡಿ. ಅದು ಇದ್ದಲ್ಲೇ ಏರಿಳಿದು, ಸ್ವಲ್ಪ ಹಿಂದೆ ಮುಂದೆ ತೂಗಾಡುತ್ತದೆ. ಅಲೆಯ ಜೊತೆ ದಡಕ್ಕೆ ಹೋಗುವುದಿಲ್ಲ. ನೀರು ದಡಕ್ಕೆ ಹೋಗಲಿಲ್ಲ, ನೀರಿನಲ್ಲಾದ ಬದಲಾವಣೆ ಹೋಯಿತು.

ಶಬ್ದವೂ ಹೀಗೇ. ಇದನ್ನು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಬಹುದು. ನೀವು ಕೋಣೆಯಲ್ಲಿ ಓದುತ್ತಾ ಕೂತಿದ್ದೀರಿ. ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಚಟಪಟ ಅಂದಿತು. ಸದ್ದು ತಕ್ಷಣ ಕೇಳಿತು. ಬೆಳ್ಳುಳ್ಳಿ, ಇಂಗಿನ ಘಮ ಬರಲು ಅರ್ಧ ನಿಮಿಷವೋ ಒಂದು ನಿಮಿಷವೋ ಆಯಿತು. ಯಾಕೆ? ವಾಸನೆ ಅಂದರೆ ಬಾಣಲೆಯಿಂದ ಹೊರಟ ಕಣಗಳೇ ನಿಮ್ಮ ಮೂಗಿನ ತನಕ ಪ್ರಯಾಣ ಮಾಡಬೇಕು. ಸದ್ದಿಗೆ ಯಾವ ಕಣವೂ ಅಷ್ಟು ದೂರ ಬರಬೇಕಿಲ್ಲ. ಗಾಳಿಯ ಒಂದು ಪದರ ಪಕ್ಕದ್ದನ್ನು ಒತ್ತುತ್ತದೆ, ಅದು ಅದರ ಪಕ್ಕದ್ದನ್ನು. ಜಾತ್ರೆಯ ನೂಕುನುಗ್ಗಲಲ್ಲಿ ಹಿಂದಿನವರು ತಳ್ಳಿದ್ದು ಮುಂದಿನವರಿಗೆ ತಲುಪುತ್ತದಲ್ಲ, ಹಾಗೆ. ತಳ್ಳಿದವರು ಹಿಂದೆಯೇ ಇರುತ್ತಾರೆ, ತಳ್ಳು ಮಾತ್ರ ಬಂದಿರುತ್ತದೆ. ಈ ಒತ್ತಡ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ದೂರ.

ಶಬ್ದದ ಚಮತ್ಕಾರ ನೋಡಬೇಕಾದರೆ ವಿಜಯಪುರದ ಗೋಲಗುಮ್ಮಟಕ್ಕೆ ಹೋಗಬೇಕು. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಕಡೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಆ ಕಡೆ ಕಿವಿಯಿಟ್ಟವರಿಗೆ ಕೇಳುತ್ತದೆ. ನಡುವೆ ಇರುವ ದೂರ ಸುಮಾರು 38 ಮೀಟರ್! ಬಯಲಿನಲ್ಲಿ ಪಿಸುಮಾತು ಎಲ್ಲ ದಿಕ್ಕಿಗೂ ಹರಡಿ ಬೇಗ ಸಣಕಲಾಗುತ್ತದೆ. ಗುಮ್ಮಟದಲ್ಲಿ ಅದು ದುಂಡನೆಯ ಗೋಡೆಗೆ ಬಡಿದು, ಮತ್ತೆ ಬಡಿದು, ಗೋಡೆಯನ್ನೇ ತಬ್ಬಿಕೊಂಡು ಸಾಗುತ್ತದೆ. ಹರಡಲು ಜಾಗ ಕಮ್ಮಿ, ಹಾಗಾಗಿ ಕ್ಷೀಣಿಸುವುದೂ ಕಮ್ಮಿ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲೂ ಹೀಗೇ ಆಗುತ್ತದೆ. ಅದಕ್ಕೆ ವಿವರಣೆ ಕೊಟ್ಟವನು ಯಾರು ಗೊತ್ತಾ? ಆಕಾಶದ ನೀಲಿಯ ಲೆಕ್ಕ ಹಾಕಿದ ಅದೇ ರೇಲೀ. ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಆಚೆ ಗೋಡೆಗೆ ಹೋಗಿ ಬರಲು ಸುಮಾರು 0.22 ಸೆಕೆಂಡು ಬೇಕು. ಕಿವಿ ಎರಡು ಸದ್ದುಗಳನ್ನು ಬೇರೆ ಬೇರೆ ಅಂತ ಗುರುತಿಸಲು 0.1 ಸೆಕೆಂಡು ಸಾಕು. ಅದಕ್ಕೇ ಪ್ರತಿಧ್ವನಿ ಬಿಡಿಬಿಡಿಯಾಗಿ, ಮತ್ತೆ ಮತ್ತೆ ಕೇಳುತ್ತದೆ. ಆದರೆ ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದ ಮೇಲೆ ಎಲ್ಲರೂ ಕಿರುಚುತ್ತಿರುತ್ತಾರೆ, ಪಿಸುಮಾತು ಕೇಳುವವರು ಯಾರು?

ಮತ್ತೆ ಅಡುಗೆಮನೆಗೆ ಬನ್ನಿ. ಸದ್ದು ಕೇಳಿತು, ಘಮ ಬಂತು. ಆದರೆ ಬಾಣಲೆ ಕಾಣಲಿಲ್ಲ. ಶಬ್ದವೂ ಅಲೆ, ಬೆಳಕೂ ಅಲೆ ಅಂದ ಮೇಲೆ ಸದ್ದು ಬಾಗಿಲು ಬಳಸಿ ಬರುತ್ತದೆ, ಬೆಳಕು ಯಾಕೆ ಬರೋದಿಲ್ಲ? ಗೋಡೆಗೆ ಬಡಿದು ಬರುವ ಸದ್ದು ಸ್ವಲ್ಪ ಇದ್ದೇ ಇದೆ. ಅದು ಬಿಟ್ಟರೆ ಉತ್ತರ ಅಲೆಯ ಉದ್ದದಲ್ಲಿದೆ. ವೇಗವನ್ನು ಆವೃತ್ತಿಯಿಂದ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೋ ಆ ಸಂಖ್ಯೆಯಿಂದ, ಭಾಗಿಸಿದರೆ ಅಲೆಯ ಉದ್ದ, ಅಂದರೆ ತರಂಗದೂರ ಸಿಗುತ್ತದೆ. ಸೆಕೆಂಡಿಗೆ 340 ಸಲ ಕಂಪಿಸುವ ದನಿಯ ತರಂಗದೂರ ಒಂದು ಮೀಟರ್, ಹೆಚ್ಚುಕಮ್ಮಿ ಬಾಗಿಲಿನಷ್ಟೇ ಅಗಲ. ತನ್ನಷ್ಟೇ ಅಗಲದ ಕಿಂಡಿ ಸಿಕ್ಕಿದರೆ ಅಲೆ ಆಚೆಗೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ಬೆಳಕಿನ ತರಂಗದೂರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಇದೆಯಲ್ಲ, ಸುಮಾರು ಅದರ ಅರ್ಧ. ಅದಕ್ಕೆ ನಮ್ಮ ಬಾಗಿಲು ಒಂದು ಮಹಾ ಬಯಲು, ನೇರ ಹಾದುಹೋಗುತ್ತದೆ.

ರೇಡಿಯೋದಲ್ಲೂ ಇದೇ ಕಥೆ. ಬೆಂಗಳೂರು ಆಕಾಶವಾಣಿಯ 101.3 ಎಫ್‌ಎಂ ಅಲೆಯ ಉದ್ದ ಮೂರು ಮೀಟರ್. ಅದೇ ಆಕಾಶವಾಣಿಯ 612 ಕಿಲೋಹರ್ಟ್ಸ್ ಮೀಡಿಯಂ ವೇವ್ ಅಲೆಯ ಉದ್ದ ಸುಮಾರು 490 ಮೀಟರ್. ಗುಡ್ಡ ಅಡ್ಡ ಬಂದರೆ ಯಾವುದು ಸುಲಭವಾಗಿ ಬಳಸಿ ಹೋಗುತ್ತದೆ ಅಂತ ನೀವೇ ಹೇಳಿ.

ಹಾಗಾದರೆ ಬೆಳಕಿಗೂ ಅದರ ಅಳತೆಗೆ ಹತ್ತಿರದ ಕಿಂಡಿ ಸಿಕ್ಕಿದರೆ? 1800ರ ಆಸುಪಾಸಿನಲ್ಲಿ ಥಾಮಸ್ ಯಂಗ್ ಬೆಳಕನ್ನು ಸಣ್ಣ ಕಿಂಡಿಗಳಿಂದ ಹಾಯಿಸಿ, ಅದು ಅಲೆಯ ಹಾಗೆ ಹರಡುವುದನ್ನು ತೋರಿಸಿದ. ನಿಮಗೆ ಬೇಕಾದ್ದು ಒಂದು ಕಪ್ಪು ಛತ್ರಿ. ರಾತ್ರಿ ಛತ್ರಿ ಬಿಡಿಸಿ, ಬಿಗಿಯಾದ ಬಟ್ಟೆಯ ಮೂಲಕ ದೂರದ ಒಂದು ಬೀದಿದೀಪ ನೋಡಿ. ಸೂರ್ಯನನ್ನಾಗಲಿ, ಲೇಸರನ್ನಾಗಲಿ ಖಂಡಿತ ನೋಡಬೇಡಿ. ಒಂದು ದೀಪದ ಸುತ್ತ ನಾಲ್ಕೂ ಕಡೆ ಸಣ್ಣ ಸಣ್ಣ ದೀಪಗಳು ಚುಕ್ಕಿ ರಂಗೋಲಿಯ ಹಾಗೆ ಸಾಲುಗಟ್ಟಿ ಕಾಣುತ್ತವೆ. ಒಂದೊಂದರ ಹೊರ ಅಂಚು ಕೆಂಪು, ಒಳ ಅಂಚು ನೀಲಿ. ಉದ್ದದ ಅಲೆ ಹೆಚ್ಚು ಹರಡಿದೆ ಅಂತ ಅರ್ಥ. ಬಟ್ಟೆಯ ಎಳೆಗಳ ನಡುವಿನ ಕಿಂಡಿಗಳು ಬೆಳಕಿಗೆ ಆ ಬಾಗಿಲಿನ ಕೆಲಸ ಮಾಡುತ್ತಿವೆ. ಛತ್ರಿಯನ್ನು ಪಕ್ಕಕ್ಕೆ ಸರಿಸಿ ನೋಡಿ, ರಂಗೋಲಿ ಅಲ್ಲಾಡುವುದಿಲ್ಲ. ಹಿಡಿಯನ್ನು ಮೆಲ್ಲಗೆ ತಿರುಗಿಸಿ. ಈಗ ಅದೂ ಜೊತೆಗೇ ತಿರುಗುತ್ತದೆ.